ಸರೊತ್ತಿನ ಪರದೆ

ನನ್ನ ಸಿಟ್ಟಿನ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರೋ ನಿಮ್ಮ ಕಿವಿ ಊದುವುದು ಬೇಡ. ನಾಟಕ ಕಂಪನಿಯಲ್ಲಿ ನನ್ನನ್ನು ಮೆಣಸಿನಕಾಯಿ ಗೋಣೆಪ್ಪ ಎಂದು ಕರೆಯುತ್ತಿದ್ದರು. ಊರು ಹಿರೇಕೆರೂರಿನ ಕಡೆ, ಕೆಲಸ ಪರದೆ ಬರೆಯುವುದು. ನಾಟಕ ಆಡುವವರ ಹಿಂದೆ ಅರಮನೆ, ಅಡವಿ, ಬೀದಿ ಎಂದು ಬರೆದ ದೊಡ್ಡ ಬಟ್ಟೆ ಇಳಿಬಿಡುತ್ತಾರಲ್ಲ, ಅದೇ ಪರದೆ. ಅದನ್ನು ಬರೆಯುವವರು ನಮ್ಮ ಕಂಪನಿಯಲ್ಲಿ ಇಬ್ಬರೇ. ಹಾನಗಲ್ಲಿನ ಕುಬೇರಪ್ಪ ಮಾಸ್ತರರು ಒಬ್ಬರು, ಅವರ ಕೈಕೆಳಗೆ ನಾನು. 'ಕೈಕೆಳಗೆ' ಎಂದು ಬರೆಯುವಾಗ ಈ ವಯಸ್ಸಿನಲ್ಲೂ ಬೆರಳು ಸ್ವಲ್ಪ ತಡೆಯುತ್ತದೆ ನೋಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಮಾಸ್ತರರ ಮೇಲೆ ನನಗೆ ಎರಡು ಕಾರಣಕ್ಕೆ ಸಿಟ್ಟಿತ್ತು. ಒಂದು, ಅವರ ಕೈ. ಕಂಬದ ಮೇಲಿನ ಹೂಬಳ್ಳಿಯನ್ನು ಅವರು ಒಂದೇ ಉಸಿರಿಗೆ ಎಳೆದುಬಿಡುತ್ತಿದ್ದರು. ಅದೇ ಬಳ್ಳಿಗೆ ನನ್ನ ಕುಂಚ ಮೂರು ಕಡೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಎರಡು, ಅವರ ಸೊಕ್ಕು. ಹಗಲೆಲ್ಲ "ಏನಪಾ ಗೋಣೆಪ್ಪಾ, ಉಂಡಿಯೇನು?" ಎಂದು ಅಕ್ಕರೆಯಿಂದ ಕೇಳುವ ಮನುಷ್ಯ, ಹೊತ್ತು ಮುಳುಗಿದ ಮೇಲೆ ಎದುರಿಗೆ ನಿಂತು ಕೈಮುಗಿದರೂ ತಿರುಗಿ ಕೈ ಎತ್ತುತ್ತಿರಲಿಲ್ಲ. ಆಟವಿಲ್ಲದ ದಿನ ದೀಪ ಹಚ್ಚುವ ಹೊತ್ತಿಗೇ ಹಾಸಿಗೆ ಹಾಸಿ ಮಲಗಿಬಿಡುವರು. ಆಟವಿದ್ದರೆ ಗ್ಯಾಸಬತ್ತಿಯ ಬುಡದಲ್ಲಿ ಸ್ಟೂಲು ಹಾಕಿಕೊಂಡು ಕುಳಿತರೆ ಮುಗಿಯುವವರೆಗೂ ಏಳುವವರಲ್ಲ. 'ದೊಡ್ಡವರು, ನಮ್ಮಂಥವರ ಕಡೆ ಯಾಕೆ ನೋಡ್ಯಾರು' ಎಂದು ನಾನು ಊರಿಗೆಲ್ಲ ಆಡಿಕೊಂಡು ತಿರುಗುತ್ತಿದ್ದೆ.

ಅದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಶಿಗ್ಗಾವಿಯಲ್ಲಿ ಎರಡು ತಿಂಗಳು ಆಡಿ, ಬೇಸಿಗೆಯ ಕೊನೆಗೆ ಕಂಪನಿ ಸವಣೂರಿಗೆ ಬಂದಿತ್ತು. ನವಾಬರ ಸಂಸ್ಥಾನದ ಊರು. ಬಯಲಿನಲ್ಲಿ ನಮ್ಮ ತಗಡಿನ ಥೇಟರು ಎದ್ದಿತು. ಹೊಸ ನಾಟಕ, ಅದಕ್ಕೊಂದು ಹೊಸ ಪರದೆ: ಸರಿರಾತ್ರಿಯ ಬೀದಿ. ಅಲ್ಲಿಯವರೆಗೆ ರಾತ್ರಿಯ ದೃಶ್ಯಕ್ಕೆ ಬರೀ ಕರಿಯ ಬಟ್ಟೆ ಇಳಿಬಿಟ್ಟು ಕೈತೊಳೆದುಕೊಳ್ಳುತ್ತಿದ್ದೆವು. ಈ ಸಲ ಮಾಲಕ ಮಹಾಲಿಂಗಪ್ಪನವರಿಗೆ ಚುಕ್ಕಿ ಚಂದ್ರಮರು ಬೇಕಾಗಿದ್ದರು. ಮಾಸ್ತರರು ಹದಿನೈದು ದಿನ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ, ಹಗಲು ಹೊತ್ತಿನಲ್ಲೇ ಕುಳಿತು ಬರೆದರು. ನನಗೆ ಬಣ್ಣ ಅರೆಯುವುದೊಂದೇ ಕೆಲಸ.

ಐತವಾರ ರಾತ್ರಿ ಮೊದಲ ಆಟ. ಮೂರನೆಯ ಅಂಕದಲ್ಲಿ ನಾಯಕಿ, ಸುಳ್ಳು ಆಪಾದನೆಗೆ ಸಿಕ್ಕ ತಮ್ಮನನ್ನು ಹುಡುಕಿಕೊಂಡು ಮನೆಬಿಟ್ಟು ಬರುತ್ತಾಳೆ. ಪರದೆ ಇಳಿಯಿತು. ನಾಯಕಿಯ ಪಾತ್ರದ ದುರಗವ್ವ ಎದೆಯ ಮೇಲೆ ಕೈಯಿಟ್ಟು, "ಅಯ್ಯೋ ವಿಧಿಯೇ! ಸರಿರಾತ್ರಿ! ಕಗ್ಗತ್ತಲೆ! ಯಾವ ದಿಕ್ಕಿಗೆ ಹೋಗಲಿ?" ಎಂದಳು.

ನೆಲದ ಮೇಲೆ ಕುಳಿತ ಜನರೊಳಗಿಂದ ಒಂದು ದನಿ ಎದ್ದಿತು. "ಸರೊತ್ತಿನಾಗ ಬಿದಿಗಿ ಚಂದ್ರ ಎಲ್ಲಿಂದ ಬಂದನವ್ವಾ? ಅಂವ ಊಟದ ಹೊತ್ತಿಗೇ ಮುಳಗಿ ಹೋಗ್ತಾನಲ್ಲ!"

ಥೇಟರಿನ ತಗಡು ಅದುರುವಂತೆ ಜನ ನಕ್ಕರು. ದನಿ ಎತ್ತಿದವನು ಹುಲಗೂರಿನ ಒಕ್ಕಲುತನದ ಮಾರೆಪ್ಪ ಎಂದು ಆಮೇಲೆ ತಿಳಿಯಿತು. ಒಬ್ಬ ಬಾಯಿ ಬಿಟ್ಟದ್ದೇ ತಡ, ಉಳಿದವರಿಗೆ ಧೈರ್ಯ ಬಂತು. "ಚುಕ್ಕಿ ನೋಡ್ರೋ, ನಮ್ಮವ್ವ ಅಂಗಳದಾಗ ರಂಗೋಲಿ ಇಟ್ಟಂಗ ಸಾಲಾಗಿ ಅದಾವ!" "ಓಣಿಗೆ ಯಾರೋ ಮಸಿ ಬಳದು ಹೋಗ್ಯಾರ!" ಅಳಬೇಕಾದ ದುರಗವ್ವ ಸೆರಗು ಬಾಯಿಗಿಟ್ಟುಕೊಂಡು ತಾನೂ ನಕ್ಕುಬಿಟ್ಟಳು.

ನಾನು ಬದಿಯಲ್ಲಿ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಸಕ್ಕರೆ ತಿಂದಷ್ಟು ಖುಷಿಯಾಯಿತು. ಆದರೆ ಪರದೆಯನ್ನು ನೋಡಿದಷ್ಟೂ ತಲೆಯಲ್ಲಿ ಹುಳ ಹೊಕ್ಕಿತು. ಬಾಗಿಲಿನ ಕೆತ್ತನೆ, ಕಂಬದ ತಿರುವು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಕಾಶಕ್ಕೆ ಬಂದರೆ ಬಾಲವಾಡಿಯ ಮಗು ಗೀಚಿದಂತಿತ್ತು. ಇಷ್ಟು ಬಲ್ಲ ಕೈ ಅಷ್ಟು ಸಣ್ಣದರಲ್ಲಿ ಹೇಗೆ ಎಡವಿತು?

ಆಟ ಮುಗಿದ ಮೇಲೆ ಮಹಾಲಿಂಗಪ್ಪನವರು ಎಲ್ಲರೆದುರಿಗೇ ಹೇಳಿದರು. "ಮಾಸ್ತರ್ರ, ಬರೂ ಐತವಾರ ಮತ್ತ ಇದ ನಾಟಕ ಐತಿ. ಅಷ್ಟರಾಗ ಪರದೆ ನೆಟ್ಟಗ ಆಗಬೇಕು. ಆಗಲಿಲ್ಲಂದ್ರ ಹುಬ್ಬಳ್ಳಿಯಿಂದ ಬ್ಯಾರೆ ಪೇಂಟರನ್ನ ಕರಸ್ತೇನಿ. ನೀವು ಹಾನಗಲ್ಲಿಗೆ ಹೋಗಿ ಆರಾಮ ಇದ್ದಬಿಡ್ರಿ."

ಇಪ್ಪತ್ತು ವರ್ಷ ಕಂಪನಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರಿಗೆ ಆಡುವ ಮಾತೇ ಅದು? ಹಾನಗಲ್ಲಿನಲ್ಲಿ ಮಾಸ್ತರರಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಮಲಗಲು ಒಂದು ಕಟ್ಟೆ ಕೂಡ ಇರಲಿಲ್ಲ. ಅವರಿಗೆ ಕಂಪನಿಯೇ ಮನೆ. ಕುಂಚ ಕಸಿದುಕೊಂಡರೆ ಆ ಮನುಷ್ಯನಲ್ಲಿ ಉಳಿಯುವುದೇನೂ ಇರಲಿಲ್ಲ. ಅವರು "ಆತ್ರಿ" ಎಂದಷ್ಟೇ ಹೇಳಿ ಸ್ಟೂಲಿನ ಮೇಲೆ ಕುಳಿತೇ ಇದ್ದರು.

ಮರುದಿನ ಮಧ್ಯಾಹ್ನ ನನ್ನ ಹತ್ತಿರ ಬಂದರು. "ಗೋಣೆಪ್ಪಾ, ಇವತ್ತ ನನಗ ರಾತ್ರಿ ತೋರಸ್ತಿಯೇನು?"

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. "ಅದನ್ನೇನು ತೋರಸೂದ್ರೀ? ಕಣ್ಣು ತೆರದ್ರ ಕಾಣ್ತೈತಿ."

"ನೀ ಬಾ ಸುಮ್ನ," ಎಂದರು.

ಕತ್ತಲಾದ ಮೇಲೆ ಹೊರಟೆವು. ಥೇಟರಿನ ಬೆಳಕು ದಾಟಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮಾಸ್ತರರು ನನ್ನ ಹೆಗಲು ಹಿಡಿದರು. ನನಗೆ ಮೈ ಉರಿಯಿತು. ಹಗಲು ಬಣ್ಣ ಅರೆಯಲಿಕ್ಕೆ, ರಾತ್ರಿ ಊರುಗೋಲಾಗಲಿಕ್ಕೆ ನಾನೇನು ಇವರ ಆಳೇ? ಹೆಗಲು ಕೊಡವಿ ಮುಂದೆ ನಡೆದೆ. ಹಿಂದೆ ದೊಪ್ಪೆಂದು ಸದ್ದಾಯಿತು. ಬೀದಿಯ ಬದಿಗೆ ಎತ್ತು ಬಿಚ್ಚಿ, ಕೊಳ್ಳು ಹರಿದು ನಿಲ್ಲಿಸಿದ್ದ ಬಂಡಿಯ ನೊಗಕ್ಕೆ ಮಾಸ್ತರರು ಎದೆಗೊಟ್ಟು ಬಿದ್ದಿದ್ದರು.

"ಇಷ್ಟು ದೊಡ್ಡ ಬಂಡಿ ಕಾಣಲಿಲ್ಲೇನ್ರೀ?" ಎಂದು ನಕ್ಕೆ.

"ಕಾಣಲಿಲ್ಲ," ಎಂದರು. ಮಣ್ಣಿನಲ್ಲಿ ಕುಳಿತೇ, ಬೇರೆಯವರ ಸುದ್ದಿ ಹೇಳುವವರಂತೆ ಹೇಳಿದರು. "ಹುಟ್ಟಿದಾಗಿಂದ ನನಗ ಇರುಳಗಣ್ಣು, ಗೋಣೆಪ್ಪಾ. ಹೊತ್ತು ಮುಳಗಿದ್ರ ಮುಗೀತು. ಗ್ಯಾಸಬತ್ತಿ ಮಗ್ಗಲಕ್ಕಿದ್ರ ಅದರ ಬೆಳಕಿನಾಗ ಕಾಣ್ತೈತಿ, ಅದರಾಚೆಗೆ ಗ್ವಾಡಿ ಕಟ್ಟಿದಂಗ. ಬಿದಿಗಿ ಚಂದ್ರ ಒಬ್ಬನ್ನ ನೋಡೇನಿ, ಅಂವ ಬೆಳಕಿದ್ದಾಗ ಬರ್ತಾನಲ್ಲ. ಉಳದದ್ದೆಲ್ಲ ಕೇಳಿ ಬರದದ್ದು. ಚುಕ್ಕಿ ಅನ್ನೂದು ನಾ ಒಂದೂ ನೋಡಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟೇ. "ಇಪ್ಪತ್ತು ವರ್ಷ ಎಲ್ಲಾರ ಕಣ್ಣಾಗ ಮಣ್ಣ ಹಾಕೀರಿ! ಮೊದಲ ಯಾಕ ಹೇಳಲಿಲ್ಲ?"

"ಕಣ್ಣಿಲ್ಲದ ಪೇಂಟರಗ ಯಾರು ಕುಂಚ ಕೊಡ್ತಾರಪಾ?"

ಆಗ ನೆನಪಾಯಿತು. ಹೊತ್ತು ಮುಳುಗಿದ ಮೇಲೆ ನಾನು ಎದುರಿಗೆ ನಿಂತು ಕೈಮುಗಿದದ್ದು, ಅವರು ಸುಮ್ಮನೆ ಹೋದದ್ದು. ಕಾಣದ ಮನುಷ್ಯನಿಗೆ ಬಾಯಿ ಬಿಡದೆ ಕೈಮುಗಿದು, ಆಮೇಲೆ ಊರಿಗೆಲ್ಲ ಅವರ ಸೊಕ್ಕಿನ ಕಥೆ ಹೇಳಿದವನು ನಾನು. ಥೂ ನನ್ನ ಜನ್ಮಕ್ಕಿಷ್ಟು! ಭೂಮಿ ಬಾಯಿ ಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು.

"ಮಾಲಕರಿಗೆ ಹೇಳ್ತಿಯೇನು?" ಎಂದು ಕೇಳಿದರು.

"ಮೊದಲ ಏಳ್ರಿ. ಹೆಗಲು ಹಿಡಕೊಳ್ರಿ. ಗಟ್ಟಿ ಹಿಡಕೊಳ್ರಿ," ಎಂದು ಗದರಿಸಿದೆ. ನನಗೆ ಅಕ್ಕರೆಯೂ ಗದರಿಕೆಯಲ್ಲೇ ಬರುತ್ತದೆ, ಏನು ಮಾಡಲಿ.

ಹಾಗೆ ಶುರುವಾಯಿತು ನಮ್ಮ ಊರು ಸುತ್ತುವುದು. ಎಲೆಪೇಟೆಯ ಕಡೆಗೆ ನಡೆದೆವು. ಮಾಸ್ತರರು ಕೇಳಿದರು. "ಕತ್ತಲಿ ಯಾವ ಬಣ್ಣ ಐತಿ?"

"ಕರೀದು. ಮತ್ಯಾವುದಿರ್ತೈತ್ರೀ?"

"ಎಲ್ಲಾ ಕಡೆ ಒಂದ ಕರೀದೇನು? ಗ್ವಾಡಿಮ್ಯಾಲಿನ ಕತ್ತಲಿ, ಗಿಡದ ಬುಡದ ಕತ್ತಲಿ, ಎರಡೂ ಒಂದನ? ನೋಡಿ ಹೇಳು. ಅವಸರ ಮಾಡಬ್ಯಾಡ."

ನೋಡಿದೆ. ಮೂವತ್ತು ವರ್ಷ ಎರಡು ಕಣ್ಣಿಟ್ಟುಕೊಂಡು ಬದುಕಿದವನು ಅವತ್ತು ಮೊದಲ ಸಲ ನೋಡಿದೆ. ಸುಣ್ಣದ ಗೋಡೆ ಬೂದಿಯ ಬಣ್ಣಕ್ಕೆ ತಿರುಗಿತ್ತು, ಅದರ ಅಂಚಿನಲ್ಲಿ ತುಸು ನೀಲಿ. ಬೇವಿನ ಬುಡದಲ್ಲಿದ್ದ ಕತ್ತಲೆಗೆ ಕಂದು ಬೆರೆತಿತ್ತು. ಆಕಾಶ ಎಲ್ಲಕ್ಕಿಂತ ತಿಳಿಯಾಗಿತ್ತು, ಅದರ ಕೆಳಗೆ ಮನೆಗಳ ಮಾಳಿಗೆ ಗಾಢವಾಗಿ ಕುಳಿತಿತ್ತು. ನಿಜವಾದ ಕರಿ ಎಂದರೆ ತೆರೆದಿಟ್ಟ ಒಂದು ಬಾಗಿಲಿನ ಒಳಗಿತ್ತು, ಅಷ್ಟೇ. ಹೇಳುತ್ತಾ ಹೇಳುತ್ತಾ ಕೂಗಿಯೇಬಿಟ್ಟೆ. "ಮಾಸ್ತರ್ರ, ಕರೀದು ಎಲ್ಲೂ ಇಲ್ಲರೀ! ಆ ಬಾಗಲದಾಗ ಒಂದೀಟು ಐತಿ, ಉಳದದ್ದೆಲ್ಲಾ ಬ್ಯಾರೆ ಬ್ಯಾರೆ ಬಣ್ಣ!"

"ನಾ ಬರೀ ಕಾಡಿಗಿ ಬಳದಬಿಟ್ಟಿದ್ದೆ," ಎಂದರು ಮಾಸ್ತರರು, ಮೆಲ್ಲಗೆ.

ಎಲೆಪೇಟೆಯಲ್ಲಿ ಬೆಳಗಿನ ಬಂಡಿಗೆ ವೀಳ್ಯದೆಲೆ ಕಟ್ಟುತ್ತಿದ್ದರು. ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಸಿಗಬೇಕೆಂದರೆ ರಾತ್ರಿಯೇ ಪೆಂಡಿ ತಯಾರಾಗಬೇಕು. ನೆಲದ ಮೇಲೆ ಕಂದೀಲು, ಸುತ್ತ ಐದಾರು ಜನ, ಒದ್ದೆ ಅರಿವೆಯ ಮೇಲೆ ರಾಶಿ ಎಲೆ. ಬೆಳಕು ಕೆಳಗಿನಿಂದ ಬಿದ್ದು ಅವರ ಗದ್ದ ಹೊಳೆಯುತ್ತಿತ್ತು, ಕಣ್ಣು ಕತ್ತಲಲ್ಲಿದ್ದವು. ಪ್ರತಿಯೊಬ್ಬನ ನೆರಳೂ ಗೋಡೆ ಹತ್ತಿ ಮಾಳಿಗೆಗೆ ಹೋಗಿ ತಲೆ ಬಾಗಿಸಿ ನಿಂತಿತ್ತು. ಹಸಿರೆಲೆ ಹಸಿರಾಗಿರಲಿಲ್ಲ. ನೀರು ಚಿಮುಕಿಸಿದ ಅಂಚಿನಲ್ಲಿ ಮಾತ್ರ ಒಂದೊಂದು ಹಳದಿ ಗೆರೆ. ಮಾಸ್ತರರು ಕಂದೀಲಿನ ಹತ್ತಿರ ಬಗ್ಗಿ ಒಂದೆಲೆ ಹಿಡಿದು ನೋಡಿದರು, ಆಮೇಲೆ ಎರಡು ಮೊಳ ಹಿಂದೆ ಸರಿದು ಅದೇ ಎಲೆಯನ್ನು ನನ್ನಿಂದ ಹೇಳಿಸಿಕೊಂಡರು. ಅಲ್ಲಿದ್ದ ಮುದುಕಿ ರಮಜಾನಬಿ, "ಎಲಿ ನೋಡಾಕ ಇಷ್ಟೊತ್ತೇನ್ರೀ? ಬಾಯಾಗ ಹಾಕ್ಕೊಂಡ್ರ ತಿಳೀತೈತಿ!" ಎಂದು ಇಬ್ಬರಿಗೂ ಎಲೆ ಮಡಿಸಿ ಕೊಟ್ಟಳು.

ಪೇಟೆ ದಾಟುವಾಗ ಗಸ್ತಿನ ಹಯಾತ ಎದುರಾದ. ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂದೀಲು. "ಯಾರದು? ಇಷ್ಟೊತ್ತಿನಾಗ ಏನು ಕೆಲಸ?"

"ರಾತ್ರಿ ನೋಡಾಕತ್ತೇವಿ," ಎಂದೆ. ಬೇರೇನು ಹೇಳಬೇಕೋ ತಿಳಿಯಲಿಲ್ಲ.

ಹಯಾತ ಕಂದೀಲೆತ್ತಿ ನಮ್ಮಿಬ್ಬರ ಮುಖ ನೋಡಿದ. "ದಿನಾ ಬರೂ ರಾತ್ರಿ ನೋಡಾಕ ಕಂಪನಿಯವ್ರು ಬಂದಾರ! ಇಪ್ಪತ್ತೆರಡು ವರ್ಷ ಆತು ನಾ ಗಸ್ತಿ ತಿರಗಾಕತ್ತು. ಕಳ್ಳರು ಸಿಕ್ಕಾರ, ಕುಡುಕರು ಸಿಕ್ಕಾರ, ನಿಮ್ಮಂಥವ್ರು ಸಿಕ್ಕಿರಲಿಲ್ಲ." ಬೈಯುತ್ತಾನೆ ಎಂದುಕೊಂಡರೆ, ಅವನ ಮುಖ ಅರಳಿತ್ತು. ಅಷ್ಟು ವರ್ಷ ಒಬ್ಬನೇ ಕಾದ ವಸ್ತುವನ್ನು ಕೇಳಿಕೊಂಡು ಕೊನೆಗೂ ಯಾರೋ ಬಂದಿದ್ದರು. "ನಾಡಿದ್ದ ಬರ್ರಿ, ಅಮಾಸಿ. ಕಲ್ಮಠದ ದೊಡ್ಡಹುಣಸಿ ಮರದ ಕಡೆ ಕರಕೊಂಡು ಹೋಗ್ತೇನಿ. ಲಗೂನ ಬರ್ರಿ, ದೀಪ ಹಚ್ಚೂ ಹೊತ್ತಿಗೆ."

ಬುಧವಾರ ಹೋದೆವು. ಮಾಸ್ತರರ ಕಾಲು ಉಳುಕಿದೆ, ಅದಕ್ಕೇ ಹೆಗಲು ಹಿಡಿದಿದ್ದಾರೆ ಎಂದು ಹಯಾತನಿಗೆ ಸುಳ್ಳು ಹೇಳಿದೆ. ಸವಣೂರಿನ ಆ ಮರಗಳನ್ನು ನಾನು ಹಗಲು ಹೊತ್ತು ನೋಡಿದ್ದೆ. ಹೆಸರಿಗೆ ಹುಣಸೆ, ಹುಣಸೆಯಲ್ಲ. ಹತ್ತು ಮಂದಿ ಕೈಕೈ ಹಿಡಿದರೂ ಬಳಸಲಾಗದ ಬೊಡ್ಡೆ, ಮೇಲೆ ಗಿಡ್ಡ ಕೊಂಬೆ. ಹಗಲಿನಲ್ಲಿ ನನಗೆ ಅವು ಉಂಡು ಬಿದ್ದ ಆನೆಗಳಂತೆ ಕಂಡಿದ್ದವು, ಮತ್ತೇನೂ ಅನ್ನಿಸಿರಲಿಲ್ಲ.

ಮಬ್ಬು ಕವಿಯುತ್ತಿತ್ತು. ಹಯಾತ ಕಂದೀಲನ್ನು ಮರದ ಹಿಂದಿಟ್ಟು, "ಈಗ ಮ್ಯಾಲ ನೋಡ್ರಿ, ಮಾತಾಡಬ್ಯಾಡ್ರಿ," ಎಂದ.

ಕೊಂಬೆಗಳಿಂದ ಉದ್ದ ತೊಟ್ಟಿನ ಮೊಗ್ಗುಗಳು ಕೆಳಮುಖವಾಗಿ ಜೋತಿದ್ದವು, ಒಂದೊಂದೂ ನಿಂಬೆಹಣ್ಣಿಗಿಂತ ದಪ್ಪ. ನಾನು ನೋಡುತ್ತಿದ್ದ ಹಾಗೇ ಒಂದು ಮೊಗ್ಗು ಬಿರಿಯಿತು. ಕಣ್ಣೆದುರಿಗೇ! ಹಸಿರು ತೊಗಟೆ ಹಿಂದಕ್ಕೆ ಸುರುಳಿಯಾಯಿತು, ಒಳಗಿಂದ ಮುದುಡಿದ ಬಿಳಿ ಎಸಳು ಬಿಚ್ಚಿಕೊಂಡಿತು, ಅಂಗೈಯಗಲದ ಹೂ ಕತ್ತಲಲ್ಲಿ ತೂಗಿತು. ಅದರ ಮಗ್ಗುಲಲ್ಲಿ ಇನ್ನೊಂದು. ಆಚೆ ಕೊಂಬೆಯಲ್ಲಿ ಮತ್ತೊಂದು. ಸ್ವಲ್ಪ ಹೊತ್ತಿನಲ್ಲಿ ಮರದ ತುಂಬ ಬಿಳಿ ಹೂ, ಆ ಬೊಡ್ಡೆಯೇ ಕಾಣದಷ್ಟು ಕತ್ತಲಾದರೂ ಹೂ ಮಾತ್ರ ಕಾಣುತ್ತಿತ್ತು. ಎಲ್ಲಿಂದಲೋ ಬಾವಲಿಗಳು ಬಂದು ಹೂವಿಗೆ ಬಾಯಿಟ್ಟು ಹೋಗತೊಡಗಿದವು. ರೆಕ್ಕೆಯ ಗಾಳಿ ನನ್ನ ಹಣೆಗೆ ಬಡಿಯಿತು. ಮೈಯೆಲ್ಲ ಜುಮ್ಮೆಂದಿತು. ದೇವರ ಗುಡಿಯೊಳಗೂ ನನಗೆ ಹಾಗಾಗಿರಲಿಲ್ಲ.

"ಸುಮ್ಮನ ಯಾಕಾದಿ?" ಎಂದರು ಮಾಸ್ತರರು, ಹೆಗಲು ಅದುಮಿ. "ಹೇಳು."

"ಹೇಳಾಕ ಬರವಲ್ದುರೀ."

"ಹಂಗಾರ ದೊಡ್ಡದ ಇರಬೇಕು," ಎಂದರು. ತಲೆ ಮೇಲೆತ್ತಿ, ಏನೂ ಕಾಣದ ಆ ಎರಡು ಕಣ್ಣನ್ನು ಅಗಲಕ್ಕೆ ತೆರೆದುಕೊಂಡು ನಿಂತಿದ್ದರು. ನನ್ನ ಕಣ್ಣು ಕಿತ್ತು ಅವರಿಗೆ ಒಂದು ಗಳಿಗೆ ಹಚ್ಚಿಕೊಡಲು ಬರುವಂತಿದ್ದರೆ ಕೊಟ್ಟುಬಿಡುತ್ತಿದ್ದೆ.

ಹಯಾತ ಕೋಲಿನಿಂದ ತಗ್ಗಿನ ಕೊಂಬೆಯ ಒಂದು ಹೂ ಇಳಿಸಿ ಕೊಟ್ಟ. ಮಾಸ್ತರರು ಅದನ್ನು ಕಂದೀಲಿನ ಗಾಜಿಗೆ ಹಿಡಿದು ನೋಡಿದರು. "ಗೋಣೆಪ್ಪಾ, ಬಿಳೇದಂದಿ. ಇದು ಬಿಳೇದಲ್ಲೋ, ಕೆನಿ ಬಣ್ಣ. ನಡುವ ಹಳದಿ ಐತಿ. ದೂರಿಂದ ಬಿಳೇದು ಕಂಡಿತಂದ್ರ ಸುತ್ತಲಿನ ಕತ್ತಲಿ ಹಂಗ ಮಾಡೈತಿ." ನಾನು ನೋಡಿದೆ. ಹೌದು, ಕೆನೆಯ ಬಣ್ಣವೇ. ಕಣ್ಣಿದ್ದವನು ನಾನು, ಕಂಡವರು ಅವರು.

ಆಮೇಲೆ ಹಯಾತ ನಮ್ಮನ್ನು ಊರ ಹೊರಗಿನ ಬಯಲಿಗೆ ಕರೆದೊಯ್ದು ಗಸ್ತಿಗೆ ಹೋದ. ಸರೊತ್ತಿಗೆ ತಿರುಗಿ ಬಂದ. ತೆಂಕಣದ ಚುಕ್ಕಿಗಳ ಕಡೆಗೆ ಕೋಲು ಚಾಚಿ ತೋರಿಸಿದ. "ಚೇಳು ನೋಡ್ರಿ. ಕೊಂಡಿ ಸುತಗೊಂಡು ಹೆಂಗ ಬಿದ್ದೈತಿ. ಈ ದಿವಸದಾಗ ಅದು ತೆಂಕಣಕ್ಕ ನೆಟ್ಟಗ ನಿಂತಿತಂದ್ರ ಸರೊತ್ತು. ಗಡಿಯಾರ ತಪ್ಪೀತು, ಅದು ತಪ್ಪಂಗಿಲ್ಲ."

ಒಂದು ಸಲ ತೋರಿಸಿದ ಮೇಲೆ ಚೇಳು ಬಿಟ್ಟು ಬೇರೇನೂ ಕಾಣಲಿಲ್ಲ. ಕೊಂಬು, ಮೈ, ಬಾಗಿದ ಬಾಲ. ಹಯಾತ ಮತ್ತೆ ಗಸ್ತಿಗೆ ತಿರುಗಿದ ಮೇಲೆ ಮಾಸ್ತರರ ಅಂಗೈ ತೆಗೆದುಕೊಂಡು, ಬೆರಳಿನಿಂದ ಒಂದೊಂದು ಚುಕ್ಕಿಯನ್ನೂ ಅದರ ಜಾಗದಲ್ಲಿ ಒತ್ತಿ ತೋರಿಸಿದೆ. ದೊಡ್ಡದಕ್ಕೆ ಜೋರಾಗಿ, ಸಣ್ಣದಕ್ಕೆ ಮೆಲ್ಲಗೆ. "ಎದಿಯಾಗ ಒಂದು ಕೆಂಪು ಚುಕ್ಕಿ ಐತ್ರೀ," ಎಂದೆ.

ಮಾಸ್ತರರು ಕೈ ಹಿಂದಕ್ಕೆಳೆದುಕೊಂಡರು. "ಚುಕ್ಕಿಗೆ ಬಣ್ಣ ಇರ್ತೈತೇನು?"

"ಇರ್ತೈತ್ರೀ. ಇದು ಕೆಂಪು. ಆಕಡೆದು ನೀಲಿ."

"ಐವತ್ತೆರಡು ವರ್ಷ ಆತು. ಯಾರೂ ನನಗ ಹೇಳಿರಲಿಲ್ಲ," ಎಂದರು. ಮತ್ತೆ ಅಂಗೈ ಚಾಚಿದರು. "ಇನ್ನೊಮ್ಮೆ ಇಡು. ಮೊದಲಿಂದ."

ಗುರುವಾರದಿಂದ ಬರೆಯಲು ಕುಳಿತೆವು. ಹಳೆಯ ಪರದೆಗೆ ಸುಣ್ಣ ಅಂಟು ಬಳಿದು, ಥೇಟರಿನ ಹಿಂದಿನ ಛಪ್ಪರದಲ್ಲಿ ನೆಲದ ಮೇಲೆ ಹಾಸಿದೆವು. ಈ ಸಲ ಹಗಲು ಮುಟ್ಟಲಿಲ್ಲ. ಹಗಲಿನಲ್ಲಿ ಕಲಸಿದ ನೀಲಿ ಗ್ಯಾಸಬತ್ತಿಯ ಮುಂದೆ ಮಸಿಯಾಗುತ್ತದೆ. ರಾತ್ರಿ ಕಾಣಬೇಕಾದದ್ದನ್ನು ರಾತ್ರಿಯ ಬೆಳಕಿನಲ್ಲೇ ಕಲಸಬೇಕು. ಒಂದೇ ಬತ್ತಿ ನಮಗೆ ಸಿಕ್ಕಿತು. ಅದನ್ನು ಮಾಸ್ತರರ ಮೊಣಕೈ ಹತ್ತಿರ ಇಟ್ಟುಕೊಂಡು, ಒಂದೊಂದೇ ಮೊಳ ಸರಿಯುತ್ತ ಹೋದೆವು. ಬತ್ತಿಯ ಸುತ್ತಿನಲ್ಲಿದ್ದಷ್ಟೇ ಅವರಿಗೆ ಪರದೆ. ಬರೆದು ಮುಂದೆ ಸರಿದದ್ದು ಅವರ ಪಾಲಿಗೆ ಇಲ್ಲವಾಗುತ್ತಿತ್ತು. ಹಗಲು ನೋಡೋಣವೆಂದರೆ ಅಂಟು ಹಸಿ, ಮೇಲೆ ಧೂಳು ಬೀಳದಂತೆ ಅರಿವೆ ಮುಚ್ಚಿರುತ್ತಿತ್ತು. ಜಗಳವಾಡಿಕೊಂಡೇ ಬರೆದೆವು. "ಇನ್ನೀಟು ನೀಲಿ" ಎಂದರೆ "ಸಾಕು" ಎನ್ನುವರು. "ಸಾಕು" ಎಂದರೆ "ನೀ ಮೊನ್ನೆ ಬೂದಿ ಅಂದಿದ್ದಿ, ಈಗ ನೀಲಿ ಅಂತಿ, ಖರೇ ಯಾವುದು?" ಎನ್ನುವರು. ನಾನು ಹೊರಗೆ ಓಡಿಹೋಗಿ, ಗೋಡೆಯನ್ನು ಮತ್ತೊಮ್ಮೆ ನೋಡಿಕೊಂಡು ಬರುತ್ತಿದ್ದೆ.

ಶನಿವಾರ ಸಂಜೆ ಮಹಾಲಿಂಗಪ್ಪನವರು ನನ್ನನ್ನು ಒಬ್ಬನನ್ನೇ ಕರೆದರು. ಮುಂದೆ ಹುಬ್ಬಳ್ಳಿಗೆ ಬರೆದ ಕಾಗದವಿತ್ತು. "ಗೋಣೆಪ್ಪಾ, ಮಾಸ್ತರ್ರು ರಾತ್ರಿ ತಡವರಿಸ್ಯಾಡ್ತಾರಂತ ಮಂದಿ ಅನ್ನಾಕತ್ತಾರ. ಕಣ್ಣಿಂದೇನರ ತ್ರಾಸ ಐತೇನು? ಖರೇ ಹೇಳು. ಹೊರಗಿನವನ್ನ ಯಾಕ ಕರಸಲಿ, ನಿನ್ನ ಹೆಡ್ ಪೇಂಟರ್ ಮಾಡ್ತೇನಿ."

ಆರು ವರ್ಷ ನಾನು ಕನಸಿನಲ್ಲಿ ಕೇಳುತ್ತಿದ್ದ ಮಾತು. 'ಹೌದು' ಎನ್ನುವ ಎರಡಕ್ಷರ ಸಾಕಾಗಿತ್ತು. ನಾಲಿಗೆಯ ತುದಿಗೆ ಬಂದಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹೆಗಲ ಮೇಲೆ ಇನ್ನೂ ಅವರ ಬೆರಳು ಒತ್ತಿದಂತಿತ್ತು.

"ನನಗ ಮಾಸ್ತರ್ರು ಕೇಳಿದ್ರ ಮಾತ್ರ ಕಾಣ್ತೈತ್ರೀ," ಎಂದೆ. "ಅವರಿಲ್ಲಂದ್ರ ನಾನ ಕುರುಡ. ಅವರನ್ನ ಕಳಸ್ತೀರಂದ್ರ ನನ್ನ ಟ್ರಂಕೂ ಬಂಡ್ಯಾಗ ಇಡ್ರಿ." ದನಿ ಜೋರಾಗಿಯೇ ಇತ್ತು. ಮಾಲಕರು ಬೆಚ್ಚಿ, "ಆತಪಾ, ನಾಳೆ ನೋಡೂಣು," ಎಂದರು. ಕಾಗದವನ್ನು ಮಾತ್ರ ಹರಿಯಲಿಲ್ಲ.

ಐತವಾರ ಥೇಟರು ತುಂಬಿ ತುಳುಕಿತು. ನಾಟಕ ನೋಡಲಿಕ್ಕಲ್ಲ, ನಗಲಿಕ್ಕೆ. ಬಿದಿಗೆ ಚಂದ್ರನ ಸುದ್ದಿ ಸುತ್ತಲಿನ ಹಳ್ಳಿಗೆಲ್ಲ ಹೋಗಿತ್ತು. ಹುಲಗೂರಿನ ಮಾರೆಪ್ಪ ಒಂದು ಬಂಡಿ ಜನರನ್ನು ಕಟ್ಟಿಕೊಂಡು ಬಂದು ಎದುರಿಗೇ ಕುಳಿತಿದ್ದ. ಮೂರನೆಯ ಅಂಕಕ್ಕೆ ಮೊದಲು ನಾನು ಬತ್ತಿ ನೋಡಿಕೊಳ್ಳುವವನಿಗೆ ಹೇಳಿದೆ. "ನಾಲ್ಕೂ ಗ್ಯಾಸಬತ್ತಿ ಪೂರಾ ಇರ್ಲಿ. ಒಂದನ್ನ ತಗ್ಗಿಸಿದಿ ಅಂದ್ರ ಕಾಲ ಮುರೀತೇನಿ." ರಾತ್ರಿಯ ದೃಶ್ಯಕ್ಕೆ ಅಷ್ಟು ಬೆಳಕು ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು. ಮಾಸ್ತರರನ್ನು ಕೈಹಿಡಿದು ತಂದು, ಹಾರ್ಮೋನಿಯಂ ಪೆಟಿಗೆ ಬಾರಿಸುವವನ ಮಗ್ಗುಲಿಗೆ, ಪರದೆಯ ನೇರ ಎದುರಿಗೆ ಕೂರಿಸಿದೆ.

ಪರದೆ ಇಳಿಯಿತು. ಕೆಳಗೆ ಎಲೆಪೇಟೆ, ಕಂದೀಲು, ಗೋಡೆ ಹತ್ತಿದ ನೆರಳು. ಅದರಾಚೆ ಸವಣೂರಿನ ಜನ ದಿನಾಲೂ ನೋಡುವ ದೊಡ್ಡಹುಣಸೆ, ಮೈತುಂಬ ಹೂ. ಮೇಲೆ ಚಂದ್ರನಿಲ್ಲದ ಆಕಾಶ, ಅದರಲ್ಲಿ ಎದೆ ಕೆಂಪಾದ ಚೇಳು.

ದುರಗವ್ವ ಬಂದಳು. "ಅಯ್ಯೋ ವಿಧಿಯೇ! ಸರಿರಾತ್ರಿ!" ಎಂದು ತಿರುಗಿ ಪರದೆಯನ್ನು ನೋಡಿದವಳು ಮುಂದಿನ ಮಾತು ಮರೆತಳು.

ನಗಲು ಬಂದ ಜನ ಬಾಯಿ ತೆರೆದೇ ಕುಳಿತಿದ್ದರು. ಎದುರಿಗಿದ್ದ ಒಬ್ಬ ಹೆಂಗಸು ತೊಡೆಯ ಮೇಲಿನ ಕೂಸಿಗೆ ಸೆರಗು ಹೊದಿಸಿದಳು. ಸೆಕೆ ಅಷ್ಟಿತ್ತು, ಆದರೂ ಹೊದಿಸಿದಳು. ನಾನು ಮಾರೆಪ್ಪನನ್ನೇ ನೋಡುತ್ತಿದ್ದೆ. ಅವನು ಕುತ್ತಿಗೆ ಎತ್ತಿ ಪರದೆಯ ಮೇಲ್ಭಾಗವನ್ನು ಎಡದಿಂದ ಬಲಕ್ಕೆ ಒಂದು ಸಲ ನೋಡಿದ. ಹೊಲದಲ್ಲಿ ಕಾವಲು ಮಲಗಿದವನು ನೋಡುವ ಹಾಗೆ ನೋಡಿದ. ಆಮೇಲೆ ಮಗ್ಗುಲಿನವನಿಗೆ ಮೆಲ್ಲಗೆ ಹೇಳಿದ, ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. "ಚೇಳು ನೆಟ್ಟಗ ನಿಂತೈತಿ. ಖರೇನ ಸರೊತ್ತು ನೋಡೋ." ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಬದಿಯಲ್ಲಿ ನಿಂತಿದ್ದ ಮಹಾಲಿಂಗಪ್ಪನವರು ಅಂಗಿಯ ಕಿಸೆಯಿಂದ ಹುಬ್ಬಳ್ಳಿಯ ಕಾಗದ ತೆಗೆದು ನಾಲ್ಕು ಚೂರು ಮಾಡಿದ್ದನ್ನು ಕಂಡೆ. ಓಡಿ ಬಂದು ಮಾಸ್ತರರ ಕಿವಿಯಲ್ಲಿ, "ಉಳಕೊಂಡ್ರಿ! ಮಾಲಕರು ಕಾಗದ ಹರದ್ರು!" ಎಂದೆ.

ಅವರಿಗೆ ಅದು ಕೇಳಿಸಲೇ ಇಲ್ಲ. ನಾಲ್ಕು ಗ್ಯಾಸಬತ್ತಿಯ ಬೆಳಕಿನಲ್ಲಿ, ಮೊಳ ಮೊಳವಾಗಿ ಬರೆದಿದ್ದ ಪರದೆಯನ್ನು ಅವರು ಮೊದಲ ಸಲ ಇಡಿಯಾಗಿ ನೋಡುತ್ತಿದ್ದರು. ಕೆಳಗಿನಿಂದ ಮೇಲಕ್ಕೆ ಹೋದರು, ಚೇಳಿನ ಹತ್ತಿರ ನಿಂತರು. ಅಂಗೈಯನ್ನು ಎತ್ತಿ, ನಾನು ಒತ್ತಿದ್ದ ಜಾಗಗಳನ್ನು ಇನ್ನೊಂದು ಕೈಯ ಬೆರಳಿನಿಂದ ಒಂದೊಂದಾಗಿ ಮುಟ್ಟಿಕೊಂಡರು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಗೋಣೆಪ್ಪಾ, ಇದು ದಿನಾ ಇರ್ತೈತೇನು?"

"ದಿನಾ ಇರ್ತೈತ್ರೀ."

"ಇಷ್ಟೂ?"

"ಇದು ಒಂದು ಮೂಲಿ ಅಷ್ಟರೀ. ಆಕಾಶದ ತುಂಬ ಇರ್ತೈತಿ."

ಮಾಸ್ತರರು ಪರದೆಯಿಂದ ಕಣ್ಣು ಕೀಳಲಿಲ್ಲ. ನಿಜವಾಗಿಯೂ ತಿಳಿಯದವರಂತೆ ಕೇಳಿದರು.

"ಮತ್ತ ಮಂದಿ ಮಲಗ್ತಾರ ಹೆಂಗೋ, ತಮ್ಮಾ?"